ಬೇಸ್‌ಬಾಲ್ ಗೊತ್ತಿಲ್ಲದೆ ‘ಒನ್ ಔಟ್ಸ್’ ಮಾಂಗಾ (ಜಪಾನಿ ಕಾಮಿಕ್ಸ್) ಓದಬಹುದೇ? ಅದರಿಂದ ಬೆಟ್ಟಿಂಗ್ ಲೆಕ್ಕಾಚಾರ ಕಲಿಯಬಹುದೇ?

ಧಾರಾಳವಾಗಿ ಓದಿ. ಕ್ರಿಕೆಟ್ ಬಿಟ್ಟು ಬೇರೆ ಆಟ ಗೊತ್ತಿಲ್ಲದೆ ಇದನ್ನು ಹಿಡಿದವರಲ್ಲಿ ನಾನೂ ಒಬ್ಬ. ಆದರೆ ಬೆಟ್ಟಿಂಗ್ ಕಲಿಯುವ ಆಸೆಯನ್ನು ಬಿಟ್ಟುಬಿಡಿ. ಇದರಲ್ಲಿ ಲೀಗ್ ಪಂದ್ಯಗಳ ಮೇಲೆ ದುಡ್ಡು ಕಟ್ಟುವವರ ಕಥೆ ಇಲ್ಲ. ಇರುವುದು ಒಂದು ಸಂಬಳದ ಕರಾರು, ಅದಕ್ಕೆ ಸಹಿ ಹಾಕಿದ ಮಾಲೀಕ ಮಾಡಿದ ಒಂದೇ ಒಂದು ತಪ್ಪು.

ಸೈತಾಮಾ ಲಿಕಾವನ್ಸ್ ಸೋಲುವುದೇ ರೂಢಿಯಾದ ತಂಡ. ಅದರ ಹಿರಿಯ ಬ್ಯಾಟರ್ ಕೊಜಿಮಾಗೆ ಓಕಿನಾವಾದಲ್ಲಿ ತೊಕುಚಿ ತೋವಾ ಎಂಬ ಜೂಜುಕೋರ ಸಿಗುತ್ತಾನೆ. ಅಲ್ಲಿ ನಡೆಯುವ ಜೂಜಿನ ಹೆಸರೇ ಒನ್ ಔಟ್ಸ್: ಒಬ್ಬ ಪಿಚರ್ (ಚೆಂಡು ಎಸೆಯುವವನು), ಒಬ್ಬ ಬ್ಯಾಟರ್. ಮೂರು ಸ್ಟ್ರೈಕ್ (ಬ್ಯಾಟರ್ ತಪ್ಪಿಸಿಕೊಂಡ ಅಥವಾ ಹೊಡೆಯದೆ ಬಿಟ್ಟ ಸರಿಯಾದ ಎಸೆತ) ಬಿದ್ದರೆ ಪಿಚರ್ ಗೆದ್ದ, ಚೆಂಡು ಇನ್‌ಫೀಲ್ಡ್ (ಬೇಸ್‌ಗಳಿರುವ ಒಳಮೈದಾನ) ದಾಟಿದರೆ ಬ್ಯಾಟರ್ ಗೆದ್ದ. ಕೊಜಿಮಾ ಅವನನ್ನು ತಂಡಕ್ಕೆ ಕರೆತಂದಾಗ ಮಾಲೀಕ ಸೈಕಾವಾ ಜೊತೆ ಈ ಕರಾರು ಆಗುತ್ತದೆ: ತೊಕುಚಿ ತೆಗೆಯುವ ಪ್ರತಿ ಔಟ್‌ಗೆ ಅವನಿಗೆ 50 ಲಕ್ಷ ಯೆನ್, ಬಿಟ್ಟುಕೊಡುವ ಪ್ರತಿ ರನ್‌ಗೆ ಅವನ ಕಡೆಯಿಂದ 5 ಕೋಟಿ ಯೆನ್.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಿ, ಇಡೀ ಮಾಂಗಾ ಇದರ ಮೇಲೇ ನಿಂತಿದೆ. 9 ಇನ್ನಿಂಗ್ಸ್‌ಗೆ ಮೂರರಂತೆ 27 ಔಟ್, ಅಂದರೆ 13 ಕೋಟಿ 50 ಲಕ್ಷ. ಒಂದು ರನ್ ಹೋದರೆ 10 ಔಟ್ ನೀರುಪಾಲು. ಹಾಗಾಗಿ ಇಬ್ಬರಿಗೂ ಸಮವಾಗುವ ಗೆರೆ 9 ಇನ್ನಿಂಗ್ಸ್‌ಗೆ 2.7 ರನ್. ವೃತ್ತಿಪರ ಲೀಗ್‌ನಲ್ಲಿ ವರ್ಷವಿಡೀ ಆ ಗೆರೆಯ ಕೆಳಗಿರುವವರು ಸಾಮಾನ್ಯವಾಗಿ ಒಳ್ಳೆಯ ಪಿಚರ್‌ಗಳು ಮಾತ್ರ. ಬೇಸ್‌ಗಳೆಲ್ಲ ಓಟಗಾರರಿಂದ ತುಂಬಿದಾಗ ಒಂದು ಹೋಮ್ ರನ್ (ನಮ್ಮ ಸಿಕ್ಸರ್‌ನಂಥ ಹೊಡೆತ) ಬಿದ್ದರೆ 4 ರನ್, 20 ಕೋಟಿ, ಅಂದರೆ 40 ಔಟ್‌ಗಳ ಗಳಿಕೆ ಒಂದೇ ಏಟಿಗೆ ಹೋಯಿತು. ಸೈಕಾವಾ ನೋಡಿದ್ದು ಇಷ್ಟನ್ನೇ, ಅದಕ್ಕೇ ಹಿಗ್ಗಿ ಒಪ್ಪಿಕೊಂಡ. ಅವನ ಕಣ್ಣಿಗೆ ಬೀಳದೇ ಹೋದದ್ದು ಬೇರೆ. ಔಟ್‌ಗಳ ಸಂಖ್ಯೆಗೆ ಮಿತಿಯನ್ನೇ ಬರೆಸಲಿಲ್ಲ. ಅದಕ್ಕಿಂತ ದೊಡ್ಡದು, ತನ್ನ ತಂಡದ ಪಿಚರ್ ಚೆನ್ನಾಗಿ ಆಡಿದಷ್ಟೂ ತನ್ನ ಜೇಬು ಖಾಲಿಯಾಗುವ ಹಾಗೆ ತಾನೇ ಕಟ್ಟಿಕೊಂಡ. ಹಣ ಉಳಿಸಬೇಕೆಂದರೆ ತನ್ನ ತಂಡ ಸೋಲಬೇಕು! ಮುಂದೆ ಅವನು ಮ್ಯಾನೇಜರ್ (ತಂಡದ ಕೋಚ್) ಮಿಹಾರಾನನ್ನು ಗೊಂಬೆಯಂತೆ ಆಡಿಸುವುದು, ತನ್ನ ತಂಡಕ್ಕೆ ತಾನೇ ಗುಂಡಿ ತೋಡುವುದು, ಎಲ್ಲವೂ ಈ ಒಂದು ತಪ್ಪಿನಿಂದ ಹುಟ್ಟಿದ್ದು. ಸಹ ಆಟಗಾರ ಚೆಂಡು ಕೈಬಿಟ್ಟು ಹೋದ ರನ್ನಿಗೂ ತೊಕುಚಿಯೇ ತೆರಬೇಕು. ಹಾಗಾಗಿ ದುಡ್ಡಿಗಷ್ಟೇ ಆಡುವವನೂ ಸೋತು ಸುಣ್ಣವಾದ ತಂಡವನ್ನು ತಿದ್ದಲೇಬೇಕಾಗುತ್ತದೆ. ಕಥೆ ಕಟ್ಟಿರುವ ಈ ಜಾಣ್ಮೆಗೆ ನನ್ನ ಪೂರ್ಣ ಅಂಕ.

ಬೌಲಿಂಗ್‌ನ ಕಡೆಯೂ ಗಟ್ಟಿಯಾಗಿದೆ. ತೊಕುಚಿಯ ಎಸೆತಕ್ಕೆ ವೇಗವಿಲ್ಲ, ಕರ್ವ್ (ದಾರಿಯಲ್ಲಿ ಬಾಗುವ ಎಸೆತ) ಇಲ್ಲ. ಅವನ ಬಂಡವಾಳ ನಿಖರತೆ, ಬ್ಯಾಟರ್ ಮನಸ್ಸನ್ನು ಓದುವ ಶಕ್ತಿ, ಮತ್ತು ಸ್ಪಿನ್ ಏರಿಳಿಸುವ ಕೈಚಳಕ. ನೇರ ಎಸೆತಕ್ಕೆ ಹಿಂದುಗಡೆಯ ಸ್ಪಿನ್ ಇದ್ದಷ್ಟೂ ಗಾಳಿ ಅದನ್ನು ಎತ್ತಿ ಹಿಡಿಯುತ್ತದೆ. ಸ್ಪಿನ್ ಕಡಿಮೆಯಾದರೆ ಚೆಂಡು ಬ್ಯಾಟರ್ ಅಂದಾಜಿಗಿಂತ ಕೆಳಗೆ ಬರುತ್ತದೆ. ಬ್ಯಾಟು ಚೆಂಡಿನ ಮೇಲ್ಭಾಗಕ್ಕೆ ತಾಗಿ ಅದು ನೆಲಕ್ಕುರುಳುತ್ತದೆ. ಮಳೆ ಪಂದ್ಯದ ಭಾಗವಂತೂ ತಪ್ಪಿಸಬೇಡಿ. ಐದು ಇನ್ನಿಂಗ್ಸ್ ಮುಗಿಯುವ ಮುನ್ನ ಆಟ ನಿಂತರೆ ಪಂದ್ಯಕ್ಕೆ ಲೆಕ್ಕವೇ ಇಲ್ಲ ಎಂಬ ನಿಯಮವನ್ನೇ ಅಲ್ಲಿ ಕತ್ತಿಯಂತೆ ಬೀಸುತ್ತಾರೆ.

ಕೊರತೆಗಳೂ ಚಿಕ್ಕವಲ್ಲ. ತೊಕುಚಿ ಸೋಲುವನೇನೋ ಎಂಬ ಭಯ ಬೇಗ ಆರಿಹೋಗುತ್ತದೆ. ಕೊಜಿಮಾ ಎದುರು ಆರಂಭದಲ್ಲಿ ಸೋತಾಗ ಇದ್ದ ಬಿಸಿ ಆಮೇಲೆ ಸಿಗುವುದಿಲ್ಲ. ಬ್ಯಾಟರ್‌ಗಳು ಒಬ್ಬನ ಮಾತಿಗೆ ಇಷ್ಟು ಸುಲಭವಾಗಿ ಬೀಳುತ್ತಾರೆ ಎಂದರೆ ನಂಬುವುದು ಕಷ್ಟ. ಬ್ಲೂ ಮಾರ್ಸ್ ತಂಡ ತನ್ನ ಮೈದಾನದಲ್ಲಿ ಎದುರಾಳಿ ಪಿಚರ್ ಮತ್ತು ಕ್ಯಾಚರ್ ನಡುವಿನ ಸಿಗ್ನಲ್ ಕದಿಯುವ ಭಾಗ ರೋಚಕ, ಆದರೆ ಇಷ್ಟು ದೊಡ್ಡ ಮೋಸ ಲೀಗ್‌ನ ಕಣ್ಣಿಗೆ ಬೀಳಲಿಲ್ಲವೇ ಎಂಬ ಪ್ರಶ್ನೆ ಕಾಡುತ್ತದೆ. ಬಗಬೂಸ್ ತಂಡದ ಓಟಗಾರ ಜಾನ್ಸನ್‌ನನ್ನು ಮನುಷ್ಯನಾಗಿ ಅಲ್ಲ, ಬರೀ ಒಂದು ತಂತ್ರವಾಗಿ ಬಳಸಿದ್ದು ನನಗೆ ಇಷ್ಟವಾಗಲಿಲ್ಲ. ಹೆಣ್ಣು ಪಾತ್ರಗಳಂತೂ ಇಲ್ಲವೆಂದೇ ಹೇಳಬೇಕು.

ಇನ್ನು ನಿಜವಾದ ಬೆಟ್ಟಿಂಗ್ ವಿಷಯ. ಜಪಾನ್‌ನಲ್ಲಿ 1969ರಿಂದ 1971ರವರೆಗೆ ನಡೆದ ‘ಕಪ್ಪು ಮಂಜು’ ಎಂಬ ಬೇಸ್‌ಬಾಲ್ ಮ್ಯಾಚ್ ಫಿಕ್ಸಿಂಗ್ ಹಗರಣದಲ್ಲಿ ನಿಶಿತೆತ್ಸು ಲಯನ್ಸ್ ತಂಡದ ಪಿಚರ್‌ಗಳ ಮೇಲೆ ಆಜೀವ ನಿಷೇಧ ಬಿತ್ತು. ಅವರಲ್ಲಿ ಇಕೆನಾಗಾ ಮಸಾಅಕಿಯ ನಿಷೇಧ ತೆರವಾದದ್ದು 2005ರಲ್ಲಿ. ಅದೇ ತಂಡ ಮುಂದೆ ಕೈ ಬದಲಾಗಿ ಸೈತಾಮಾಕ್ಕೆ ಹೋಗಿ ಸೆಯಿಬು ಲಯನ್ಸ್ ಆಯಿತು. ಸೈತಾಮಾದ ತಂಡವೊಂದರಲ್ಲಿ ಜೂಜುಕೋರ ಪಿಚರ್‌ನನ್ನು ನಿಲ್ಲಿಸುವ ಮಾಂಗಾ ಈ ಚರಿತ್ರೆಯನ್ನು ಮುಟ್ಟದೆ ದಾಟಿಹೋಗುವುದೇ ಅದರ ದೊಡ್ಡ ದೌರ್ಬಲ್ಯ ಎಂದು ನನ್ನ ಅಭಿಪ್ರಾಯ. 2019ರ ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಫಿಕ್ಸಿಂಗ್ ಬಂಧನಗಳನ್ನು ಕಂಡ ನಮಗೆ ಆ ಖಾಲಿ ಜಾಗ ಇನ್ನೂ ಎದ್ದು ಕಾಣುತ್ತದೆ.

ಶುರು ಮಾಡುವುದಾದರೆ ಮ್ಯಾಡ್‌ಹೌಸ್‌ನ 25 ಕಂತುಗಳ ಅನಿಮೆ (ಜಪಾನಿ ಕಾರ್ಟೂನ್ ಸರಣಿ) ಮೊದಲು ನೋಡಿ (2008–09). ಚೆಂಡಿನ ಚಲನೆ ಅಲ್ಲಿ ಬೇಗ ಅರ್ಥವಾಗುತ್ತದೆ. ಔಟ್, ರನ್, ಸ್ಟ್ರೈಕ್, ಬಾಲ್ (ಗುರಿಯ ಹೊರಗೆ ಬಿದ್ದ ಎಸೆತ), ಬಾಕ್ (ಬೇಸ್‌ನಲ್ಲಿ ಓಟಗಾರನಿದ್ದಾಗ ಪಿಚರ್ ಮಾಡುವ ನಿಯಮಬಾಹಿರ ಚಲನೆ) ಇಷ್ಟು ಗೊತ್ತಿದ್ದರೆ ಸಾಕು. ಆಮೇಲೆ ಶಿನೊಬು ಕೈತಾನಿಯವರ ಮಾಂಗಾಕ್ಕೆ ಬನ್ನಿ. ಅನಿಮೆ ಬ್ಲೂ ಮಾರ್ಸ್ ಪಂದ್ಯಗಳ ಹತ್ತಿರ ನಿಲ್ಲುತ್ತದೆ; ತಂಡದ ಒಡೆತನಕ್ಕೇ ಕೈ ಹಾಕುವ ಆಟ ಪುಸ್ತಕದಲ್ಲಿ ಮಾತ್ರ ಸಿಗುತ್ತದೆ.