30×40 ಸೈಟಿಗೆ ಇಂಗುಬಾವಿ

ನಮಸ್ಕಾರ. ಬೆಂಗಳೂರಿನಲ್ಲಿ 30×40 ಸೈಟಿನ ಮನೆ, ತಾರಸಿ ನೀರೆಲ್ಲ ರಸ್ತೆಗೆ ಹೋಗುತ್ತೆ, ಮಳೆನೀರನ್ನು ನೆಲಕ್ಕೆ ಇಳಿಸುವ ಇಂಗುಬಾವಿ ತೋಡಿಸಿದರೆ ಪ್ರಯೋಜನ ಇದೆಯಾ ಎಂದು ಕೇಳಿದ್ದೀರಿ. ಖಂಡಿತ ಇದೆ, ತೋಡಿಸಿ.

ನಿಮ್ಮ ತಾರಸಿ 80 ಚದರ ಮೀಟರ್ ಅಂದುಕೊಳ್ಳಿ. 50 ಮಿ.ಮೀ. ಮಳೆ ಬಿದ್ದರೆ 4,000 ಲೀಟರ್ ನೀರು. 3 ಅಡಿ ಅಗಲ, 20 ಅಡಿ ಆಳದ ಬಾವಿ ಹೆಚ್ಚುಕಡಿಮೆ ಅಷ್ಟನ್ನೇ ಹಿಡಿಯುತ್ತೆ. ಜೊತೆಜೊತೆಗೇ ಇಂಗುತ್ತಲೂ ಇರುತ್ತೆ. ಅಷ್ಟು ನೀರು ಒಂದೇ ಸಲ ರಾಜಕಾಲುವೆಗೆ, ಅಂದರೆ ಊರಿನ ದೊಡ್ಡ ಮಳೆನೀರು ಕಾಲುವೆಗೆ, ನುಗ್ಗೋದು ತಪ್ಪುತ್ತಲ್ಲ, ತಗ್ಗಿನ ಬಡಾವಣೆಯವರಿಗೆ ಅದೇ ದೊಡ್ಡ ಉಪಕಾರ.

ತಳಕ್ಕೆ ಮಾತ್ರ ಕಾಂಕ್ರೀಟ್ ಹಾಕಿಸಬೇಡಿ, ಹಾಕಿದರೆ ಅದು ಬಾವಿಯಲ್ಲ, ಬರೀ ತೊಟ್ಟಿ. ಸಿಮೆಂಟ್ ರಿಂಗ್‌ಗಳ ಸುತ್ತ ಜಲ್ಲಿ ತುಂಬಿಸಿ, ನೀರನ್ನು ಫಿಲ್ಟರ್ ದಾಟಿಸಿಯೇ ಒಳಗೆ ಬಿಡಿ, ಮೇಲೆ ಗಟ್ಟಿ ಮುಚ್ಚಳ ಇರಲಿ. ರಸ್ತೆ ನೀರು ಬೇಡವೇ ಬೇಡ: ಅದರಲ್ಲಿ ಎಣ್ಣೆ, ಚರಂಡಿ ಕೊಳಕು ಸೇರಿರುತ್ತೆ, ಅಂತರ್ಜಲಕ್ಕೆ ಇಳಿದರೆ ತೆಗೆಯೋದು ಬಹಳ ಕಷ್ಟ.

ಕೆಲಸಕ್ಕೆ ಮಣ್ಣುವಡ್ಡರ ಸಮುದಾಯದವರನ್ನೇ ಹುಡುಕಿ. ತಲೆತಲಾಂತರದಿಂದ ಬಾವಿ ತೋಡಿದವರು, ಮಣ್ಣಿನ ಗುಣ ಅವರಿಗೆ ಗೊತ್ತು. ಜಯನಗರ 5ನೇ ಬ್ಲಾಕಿನಲ್ಲಿರುವ ಜಲಮಂಡಳಿಯ ಮಳೆನೀರು ಕೊಯ್ಲು ಪಾರ್ಕಿಗೂ ಒಮ್ಮೆ ಹೋಗಿಬನ್ನಿ, ಮಾದರಿಗಳನ್ನು ಕಣ್ಣಾರೆ ನೋಡಬಹುದು.