ಮಧ್ಯಾಹ್ನ ಶಾಲೆಯಲ್ಲೋ, ಸಂಜೆ ಮನೆಯಲ್ಲೋ?

ಪತ್ರ: ಇಂದಿರಾ ಗಾಂಧಿ ತೀರಿಕೊಂಡಾಗ ನಾನು ಏಳನೇ ಕ್ಲಾಸು. ಮರುದಿನ ರಾಜ್ಯೋತ್ಸವ ಅಂತ ಶಾಲೆಯಲ್ಲಿ ಕೋಲಾಟದ ಪ್ರಾಕ್ಟೀಸ್ ನಡೆದಿತ್ತು. ಮಧ್ಯಾಹ್ನ ಊಟದ ಬೆಲ್ ಆದ ಮೇಲೆ ಹೆಡ್‌ಮಾಸ್ಟರು ಬಂದು, "ಇಂದಿರಮ್ಮ ಹೋದ್ರು, ಎಲ್ಲಾ ಮನೆಗೆ ಹೋಗಿ" ಅಂದರು. ಆದರೆ ನನ್ನ ಅಣ್ಣ ಒಪ್ಪುವುದಿಲ್ಲ. ಸಂಜೆ ಮನೆಯಲ್ಲಿ ರೇಡಿಯೋದಲ್ಲಿ ಕೇಳಿದ್ದು, ಅಕ್ಕಿ ಆರಿಸುತ್ತಿದ್ದ ಅಮ್ಮ ಮೊರ ಕೆಳಗಿಟ್ಟಳು ಅಂತಾನೆ. ಕೇಳೋಣ ಅಂದರೆ ಅಮ್ಮ ಈಗಿಲ್ಲ. ಮೊನ್ನೆ ಮದುವೆ ಮನೆಯಲ್ಲಿ ಈ ಮಾತಿಗೆ ನಮ್ಮಿಬ್ಬರಿಗೂ ಜಗಳವೇ ಆಯಿತು. ಇಷ್ಟು ವರ್ಷ ನಾನು ಸುಳ್ಳು ಹೇಳಿಕೊಂಡು ಬಂದೆನಾ? ಮರುದಿನ ರಾಜ್ಯೋತ್ಸವ ನಿಂತುಹೋಯಿತು, ಕೋಲಾಟ ಆಗಲಿಲ್ಲ, ಬೆಳಿಗ್ಗೆ ಕೋಲುಗಳನ್ನು ಅಟ್ಟದ ಮೇಲೆ ಎತ್ತಿಟ್ಟೆ ಅನ್ನುವುದು ಮಾತ್ರ ಚೆನ್ನಾಗಿ ನೆನಪಿದೆ.
– ಶಿಕ್ಷಕಿ, ಚಿಕ್ಕಮಗಳೂರು ಜಿಲ್ಲೆ

ನಮಸ್ಕಾರ ಮೇಡಂ,

ಇಲ್ಲ, ನೀವು ಸುಳ್ಳು ಹೇಳಿಲ್ಲ. ನಿಮ್ಮ ಅಣ್ಣನೂ ಹೇಳಿಲ್ಲ. ಅವತ್ತಿನ ಗಂಟೆಗಳನ್ನು ಸಾಲಾಗಿ ಇಟ್ಟು ನೋಡಿದರೆ ನಿಮ್ಮಿಬ್ಬರ ಮಾತಿಗೂ ಜಾಗ ಇದೆ ಅಂತ ನನಗೆ ಅನಿಸುತ್ತದೆ.

1984ರ ಅಕ್ಟೋಬರ್ 31, ಬುಧವಾರ. ಬೆಳಿಗ್ಗೆ 9 ಗಂಟೆ ದಾಟಿತ್ತು. ದೆಹಲಿಯ ಸಫ್ದರ್‌ಜಂಗ್ ರಸ್ತೆಯ ಮನೆಯಿಂದ ಪಕ್ಕದ ಅಕ್ಬರ್ ರಸ್ತೆಯ ಕಚೇರಿಗೆ ಇಂದಿರಾ ನಡೆದು ಹೊರಟಿದ್ದರು. ಟಿವಿ ಸಂದರ್ಶನಕ್ಕೆ ಬ್ರಿಟಿಷ್ ನಟ ಪೀಟರ್ ಉಸ್ತಿನೋವ್ ಅಲ್ಲಿ ಕಾದಿದ್ದರು. ನಡುವಿನ ಸಣ್ಣ ಗೇಟಿನ ಹತ್ತಿರ, ಅವರದೇ ಕಾವಲಿನ ಇಬ್ಬರು ಸಿಖ್ಖರು ಗುಂಡು ಹಾರಿಸಿದರು. ಅಂಬಾಸಿಡರ್ ಕಾರಿನಲ್ಲಿ ಏಮ್ಸ್ ಆಸ್ಪತ್ರೆಗೆ ಕರೆದೊಯ್ದರು. ಅವರು ತೀರಿಕೊಂಡರು ಎಂದು ಡಾಕ್ಟರುಗಳು ಹೇಳಿದಾಗ ಮಧ್ಯಾಹ್ನ 2 ಗಂಟೆ ಆಗಿಹೋಗಿತ್ತು.

ಈಗ ನಿಮ್ಮ ಜಗಳದ ವಿಷಯಕ್ಕೆ ಬರುತ್ತೇನೆ. ಆಕಾಶವಾಣಿ ಸಾವಿನ ಸುದ್ದಿ ಹೇಳಿದ್ದು ಸಂಜೆ 6 ಗಂಟೆಗೆ. ಬಿಬಿಸಿ ಮಧ್ಯಾಹ್ನವೇ ಹೇಳಿಬಿಟ್ಟಿತ್ತು. ಪಶ್ಚಿಮ ಬಂಗಾಳದ ಪ್ರವಾಸದಲ್ಲಿದ್ದ ರಾಜೀವ್ ಗಾಂಧಿ ಕೂಡ ಟ್ರಾನ್ಸಿಸ್ಟರ್ ಹಿಡಿದುಕೊಂಡು ಬಿಬಿಸಿಯನ್ನೇ ಕೇಳಬೇಕಾಯಿತು. ಸ್ವಂತ ತಾಯಿಯ ಸುದ್ದಿಗೆ! ಅಷ್ಟು ಹೊತ್ತು ಇಡೀ ದೇಶ ಗುಸುಗುಸು ಮಾತಿನಲ್ಲೇ ಇತ್ತು. ಗುಂಡು ಬಿದ್ದಿದೆಯಂತೆ, ಇದ್ದಾರಂತೆ, ಇಲ್ಲವಂತೆ. ಯಾರ ಮನೆಯಲ್ಲಿ ಫೋನ್ ಇತ್ತೋ, ಯಾರು ಬಿಬಿಸಿ ಕೇಳುತ್ತಿದ್ದರೋ, ಅವರಿಂದ ಊರಿಗೆ ಸುದ್ದಿ.

ನಿಮ್ಮ ಹೆಡ್‌ಮಾಸ್ಟರಿಗೆ ಮಧ್ಯಾಹ್ನ ಏನೋ ಗೊತ್ತಾಗಿರಬಹುದು. ಬಿಬಿಸಿ ಕೇಳಿದವರು ಯಾರಾದರೂ ಬಂದು ಹೇಳಿರಬಹುದು. ಇಲ್ಲವೇ ಅವರು "ಗುಂಡು ಹೊಡೆದಿದ್ದಾರೆ" ಎಂದಷ್ಟೇ ಹೇಳಿ, ಸಂಜೆ ಗೊತ್ತಾದ ಸಾವು ಆ ಮಾತಿಗೆ ಆಮೇಲೆ ನಿಮ್ಮ ಮನಸ್ಸಿನಲ್ಲಿ ಸೇರಿಕೊಂಡಿರಬಹುದು. ಸಂಜೆ 6ಕ್ಕೆ ಅಮ್ಮ ರೇಡಿಯೋ ಮುಂದೆ ಮೊರ ಇಟ್ಟುಕೊಂಡು ಕೂತಿದ್ದೂ ನಿಜವೇ ಇರಬೇಕು. ಒಂದೇ ಸುದ್ದಿಯನ್ನು ಎರಡು ಸಲ ಕೇಳಿಸಿಕೊಂಡ ದಿನ ಅದು. ನೀವು ಒಂದನ್ನು ಇಟ್ಟುಕೊಂಡಿರಿ, ಅಣ್ಣ ಇನ್ನೊಂದನ್ನು.

ಇದನ್ನು ಇಷ್ಟು ಧೈರ್ಯವಾಗಿ ಹೇಳಲು ಕಾರಣ ನನ್ನದೇ ಅನುಭವ. ನಾನಾಗ ಐದನೇ ಕ್ಲಾಸು. ಅವತ್ತು ಸಂಜೆ ನಮ್ಮಪ್ಪ ಜಗಲಿಯ ಕಂಬಕ್ಕೆ ಒರಗಿ, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅಪ್ಪ ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಟವೆಲ್ಲಿನ ಕೆಂಪು ಅಂಚು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಪ್ಪ ಹೋದ ಮೇಲೆ ಟ್ರಂಕಿನಲ್ಲಿ ಅವರ ಲೆಕ್ಕದ ಪುಸ್ತಕಗಳು ಸಿಕ್ಕಿದವು. 1984ರದ್ದನ್ನು ತೆಗೆದು ನೋಡಿದೆ. ಅಕ್ಟೋಬರ್ 31ರ ಎದುರಿಗೆ ಅವರ ಓರೆ ಅಕ್ಷರದಲ್ಲಿ ಹೀಗಿತ್ತು: "ತಿಪಟೂರು. ಕೊಬ್ಬರಿ ಹಾಕಿದ್ದು. ಬಸ್ ಇಲ್ಲ. ರಾತ್ರಿ ಮಂಡಿಯಲ್ಲೇ." ಅಪ್ಪ ಅವತ್ತು ಮನೆಗೇ ಬಂದಿರಲಿಲ್ಲ!

ಆ ಪುಟ ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದೆ. ಅಪ್ಪ ಅತ್ತಿದ್ದು ನವೆಂಬರ್ 3ರಂದು, ಅಂತ್ಯಕ್ರಿಯೆಯ ದಿನ ಇರಬಹುದು. ಬೇರೆ ಯಾವುದೋ ದುಃಖಕ್ಕೂ ಇರಬಹುದು. ಟವೆಲ್ಲು ನಿಜ, ಕಂಬ ನಿಜ, ಅಳು ನಿಜ. ತಾರೀಕು ಮಾತ್ರ ನಾನು ಸೇರಿಸಿಕೊಂಡಿದ್ದು.

ಇದು ನಮಗಿಬ್ಬರಿಗೆ ಮಾತ್ರ ಆಗಿದ್ದಲ್ಲ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಆಕಾಶದಲ್ಲೇ ಸಿಡಿದು 7 ಜನ ತೀರಿಕೊಂಡರು. ಮರುದಿನವೇ ಉಲ್ರಿಕ್ ನೈಸರ್ ಎಂಬ ಮನಶ್ಶಾಸ್ತ್ರದ ಪ್ರೊಫೆಸರ್ ಒಂದು ಕೆಲಸ ಮಾಡಿದರು. ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಎಂದು ವಿದ್ಯಾರ್ಥಿಗಳಿಂದ ಬರೆಸಿಟ್ಟರು. ಸುಮಾರು ಎರಡೂವರೆ ವರ್ಷದ ನಂತರ ಅವರಲ್ಲಿ 44 ಜನರಿಗೆ ಅದೇ ಪ್ರಶ್ನೆ ಕೇಳಿದರು. ಪೂರ್ತಿ ಸರಿಯಾಗಿ ಹೇಳಿದವರು ಮೂರೇ ಜನ. 11 ಜನರದ್ದು ಒಂದೂ ತಾಳೆಯಾಗಲಿಲ್ಲ. ಆದರೂ ಎಷ್ಟೋ ಜನರಿಗೆ ತಮ್ಮ ನೆನಪಿನ ಬಗ್ಗೆ ಗಟ್ಟಿ ನಂಬಿಕೆ. ಅವರೇ ಬರೆದ ಹಳೇ ಕಾಗದ ತೋರಿಸಿದರೂ ತಪ್ಪಿದವರಿಗೆ ಮೊದಲಿನ ನೆನಪು ವಾಪಸ್ ಬರಲಿಲ್ಲ. ನನಗೂ ಅಷ್ಟೇ. ಪುಸ್ತಕ ನೋಡಿದ ಮೇಲೂ 31 ಅಂದರೆ ಜಗಲಿಯ ಕಂಬವೇ ಕಣ್ಣೆದುರಿಗೆ ಬರುತ್ತದೆ.

ನಿಮ್ಮ ಕಡೆ ಈ ನೆನಪು ಇನ್ನೂ ಆಳಕ್ಕೆ ಇಳಿದಿರಬೇಕು, ಅಲ್ವಾ? 1978ರ ನವೆಂಬರಿನಲ್ಲಿ ನಿಮ್ಮ ಚಿಕ್ಕಮಗಳೂರೇ ಇಂದಿರಾ ಅವರನ್ನು ಲೋಕಸಭೆಗೆ ಕಳಿಸಿತ್ತು. ಅಲ್ಲಿನ ಸಂಸದರಾಗಿದ್ದ ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು. ವೀರೇಂದ್ರ ಪಾಟೀಲರ ಎದುರು ಇಂದಿರಾ 70 ಸಾವಿರಕ್ಕೂ ಜಾಸ್ತಿ ಮತಗಳಿಂದ ಗೆದ್ದರು. ನಿಮ್ಮ ಹೆಡ್‌ಮಾಸ್ಟರು ಪ್ರಧಾನಿ ಅನ್ನದೆ "ಇಂದಿರಮ್ಮ" ಅಂದಿದ್ದನ್ನು ನಾನು ಪೂರ್ತಿ ನಂಬುತ್ತೇನೆ.

ಇನ್ನೊಂದು ವಿಷಯ ಹೇಳದೆ ಈ ಪತ್ರ ಮುಗಿಸಲು ಮನಸ್ಸಾಗುತ್ತಿಲ್ಲ. ನಮ್ಮ ಚಿಕ್ಕಪ್ಪ ಆಗ ದೆಹಲಿಯಲ್ಲಿ ಸರ್ಕಾರಿ ನೌಕರಿಯಲ್ಲಿದ್ದರು. ಅಕ್ಟೋಬರ್ 31ರಂದು ಎಲ್ಲಿದ್ದಿರಿ ಎಂದು ಕೇಳಿದರೆ, "ಆಫೀಸಲ್ಲಿ ಇದ್ದಿರಬೇಕು ಕಣೋ, ಸರಿಯಾಗಿ ನೆನಪಿಲ್ಲ" ಅನ್ನುತ್ತಾರೆ. ನವೆಂಬರ್ 1 ಅಂದರೆ ಸಾಕು, ಗಂಟಲು ಕಟ್ಟುತ್ತದೆ. ಪಕ್ಕದ ಮನೆಯಲ್ಲಿ ಒಬ್ಬ ಸರ್ದಾರ್ಜಿಯ ಸಂಸಾರ. ಬೀದಿಯ ಕೊನೆಯಲ್ಲಿ ಹೊಗೆ ಏಳುತ್ತಿತ್ತು. ಆ ಮನೆಯ ಬಾಗಿಲಿನ ಹೆಸರಿನ ಹಲಗೆಯನ್ನು ಚಿಕ್ಕಪ್ಪ ಬಿಚ್ಚಲು ಹೋದರು. ನಾಲ್ಕು ಸ್ಕ್ರೂ. ಮೂರು ಬೇಗ ಬಂದವು. ನಾಲ್ಕನೆಯದು ತುಕ್ಕು ಹಿಡಿದು ಕೂತುಬಿಟ್ಟಿತ್ತು. ಚಿಕ್ಕಮ್ಮ ಕೊಬ್ಬರಿ ಎಣ್ಣೆ ತಂದು ಬಿಟ್ಟರು. ಕೈ ಬೆವೆತು ಸ್ಕ್ರೂಡ್ರೈವರ್ ಜಾರುತ್ತಿತ್ತು. ಕೊನೆಗೆ ಹಲಗೆಯನ್ನೇ ಮುರಿದು ಕಿತ್ತರು. ಆ ಸಂಸಾರ ಮೂರು ರಾತ್ರಿ ಇವರ ಮನೆಯ ಒಳಕೋಣೆಯಲ್ಲಿತ್ತು. ಅವರ ಪುಟ್ಟ ಮಗನ ತಲೆಗೂದಲನ್ನು ಅವನ ತಾಯಿಯೇ ಅಳುತ್ತಾ ಕತ್ತರಿಸಿದರಂತೆ.

ಆ ಕೆಲವೇ ದಿನಗಳಲ್ಲಿ ದೆಹಲಿಯೊಂದರಲ್ಲೇ 2,733 ಸಿಖ್ಖರು ಸತ್ತರು ಎಂಬುದು ಸರ್ಕಾರದ್ದೇ ಲೆಕ್ಕ. ಪ್ರಧಾನಿ ಮನಮೋಹನ್ ಸಿಂಗ್ ಸಂಸತ್ತಿನಲ್ಲಿ ಇದಕ್ಕೆ ಕ್ಷಮೆ ಕೇಳಿದ್ದು 2005ರಲ್ಲಿ. ಇಂದಿರಾ ಅವರನ್ನು ಕೊಂದವರ ಧರ್ಮ ನೋಡಿ, ಏನೂ ತಿಳಿಯದ ಮನೆಗಳಿಗೆ ಬೆಂಕಿ ಹಚ್ಚಿದರು. ನಾವು ರೇಡಿಯೋ ಮುಂದೆ ಕೂತಿದ್ದನ್ನು ಮಾತ್ರ ನೆನೆಸಿಕೊಂಡು, ಮರುದಿನವನ್ನು ಮರೆತುಬಿಡುತ್ತೇವೆ. ಅದು ನನಗೆ ನೋವು ಕೊಡುತ್ತದೆ. ರಾಜ್ಯೋತ್ಸವ ನಿಂತುಹೋಯಿತು, ಕೋಲಾಟ ಆಗಲಿಲ್ಲ ಎಂದು ನೀವು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ನೀವು ಕೋಲುಗಳನ್ನು ಅಟ್ಟದ ಮೇಲೆ ಎತ್ತಿಟ್ಟ ಬೆಳಿಗ್ಗೆಯೇ ಚಿಕ್ಕಪ್ಪ ಆ ಸ್ಕ್ರೂ ತಿರುಗಿಸುತ್ತಿದ್ದರು. ನಿಮ್ಮ ಮಕ್ಕಳಿಗೆ ಅವತ್ತಿನ ಪಾಠ ಮಾಡುವಾಗ ಈ ಎರಡನ್ನೂ ಒಟ್ಟಿಗೆ ಹೇಳುತ್ತೀರಿ ಎಂದು ನಂಬಿದ್ದೇನೆ.

ಅಣ್ಣನ ಜೊತೆ ಇನ್ನು ವಾದ ಬೇಡ ಮೇಡಂ. ಇಬ್ಬರೂ ಬೇರೆ ಬೇರೆ ಕೂತು, ಒಬ್ಬರದ್ದನ್ನು ಇನ್ನೊಬ್ಬರು ನೋಡದೆ ಬರೆಯಿರಿ. ತಾರೀಕು, ಗಂಟೆ ತಪ್ಪಿದರೆ ತಪ್ಪಲಿ. ಆಮೇಲೆ ಫೋನ್ ಮಾಡಿ ಒಂದು ಮಾತು ಮಾತ್ರ ಕೇಳಿ: ಮೊರ ಕೆಳಗಿಟ್ಟ ಮೇಲೆ ಅಮ್ಮ ಏನು ಮಾಡಿದರು? ಎದ್ದು ಒಳಗೆ ಹೋದರಾ, ಅಲ್ಲೇ ಕೂತಿದ್ದರಾ? ಅಮ್ಮನ ಆ ಸಂಜೆಯನ್ನು ಕಂಡವರು ಈಗ ಅವರೊಬ್ಬರೇ.

– ಸಂಪಾದಕ