ಪಕ್ಕದ ಮನೆಯಡಿ ಹಾದ ಒಳಚರಂಡಿ ಕೊಳವೆ: ಹಕ್ಕು ಯಾರದು?

ಪ್ರಶ್ನೆ: ಮೈಸೂರಿನ ಬಡಾವಣೆಯೊಂದರಲ್ಲಿ ಒಂದಕ್ಕೊಂದು ಅಂಟಿಕೊಂಡ ಆರು ಸಾಲುಮನೆಗಳ ಪೈಕಿ ಮೂರನೆಯದು ನಮ್ಮದು. ಬಿಲ್ಡರ್ ಎಲ್ಲ ಮನೆಗಳ ಕೊಳಚೆ ನೀರಿಗೂ ಹಿತ್ತಿಲಿನಲ್ಲಿ ಒಂದೇ ಕೊಳವೆ ಹಾಕಿದ್ದು, ಅದು ಕೊನೆಯ ಮನೆಯ ಹಿತ್ತಿಲಿನಡಿ ಹಾದು ರಸ್ತೆಯ ಮ್ಯಾನ್‌ಹೋಲ್ ಸೇರುತ್ತದೆ. ಆ ಮನೆಯವರು ಈಚೆಗೆ ಟೈಲ್ಸ್ ಹಾಸಿ ಚೇಂಬರನ್ನು ಮುಚ್ಚಿದ್ದಾರೆ. ಕೊಳವೆ ಕಟ್ಟಿಕೊಂಡರೂ ಕೆಲಸದವರನ್ನು ಒಳಗೆ ಬಿಡುತ್ತಿಲ್ಲ. ಕ್ರಯಪತ್ರದಲ್ಲಿ ಕೊಳವೆಯ ಪ್ರಸ್ತಾಪವೇ ಇಲ್ಲವೆನ್ನುತ್ತಾರೆ. ನಮಗೆ ಹಕ್ಕಿದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಇದೆ. ಕ್ರಯಪತ್ರದ ಮೌನ ನಿಮ್ಮ ಹಕ್ಕನ್ನು ಕಸಿಯುವುದಿಲ್ಲ. ಇಡೀ ಜಾಗ ಒಬ್ಬನೇ ಮಾಲೀಕನ ಕೈಯಲ್ಲಿದ್ದಾಗ ಹಾಕಿದ ಕೊಳವೆಯು ಮನೆಗಳ ಬಳಕೆಗೆ ಅಗತ್ಯವಾಗಿದ್ದು, ಸದಾ ಬಳಕೆಯಲ್ಲಿದ್ದು, ತಿಳಿದವರು ಪರಿಶೀಲಿಸಿದರೆ ಕಣ್ಣಿಗೆ ಬೀಳುವಂತಿದ್ದರೆ, ಮನೆಗಳು ಬೇರೆಬೇರೆಯಾಗಿ ಮಾರಾಟವಾದಾಗ ಅದರ ಅನುಭೋಗದ ಹಕ್ಕು (ಈಸ್‌ಮೆಂಟ್, ಅಂದರೆ ಇನ್ನೊಬ್ಬರ ಜಾಗವನ್ನು ನಿರ್ದಿಷ್ಟ ಉದ್ದೇಶಕ್ಕೆ ಬಳಸುವ ಹಕ್ಕು) ಮನೆಯೊಂದಿಗೇ ಬರುತ್ತದೆಂದು 1882ರ ಈಸ್‌ಮೆಂಟ್ ಕಾಯ್ದೆಯ 13ನೇ ಕಲಮು ಹೇಳುತ್ತದೆ. ಪತ್ರದಲ್ಲಿ ಇದಕ್ಕೆ ವಿರುದ್ಧವಾದ ಷರತ್ತು ಇರಬಾರದಷ್ಟೆ. ಕ್ರಯದ ದಿನ ಆ ಚೇಂಬರಿನ ಮುಚ್ಚಳ ನೆಲದ ಮೇಲೆ ಕಾಣುತ್ತಿತ್ತು ಎಂಬುದೇ ನಿಮ್ಮ ಬಲವಾದ ಸಾಕ್ಷ್ಯ. ಹಳೆಯ ಫೋಟೊ, ಕೊಳಾಯಿ ನಕ್ಷೆ, ಕೊಳವೆ ಹಾಕಿದ ಮೇಸ್ತ್ರಿಯ ಹೇಳಿಕೆ, ಏನು ಸಿಕ್ಕಿದರೂ ಜೋಪಾನವಾಗಿಡಿ. ಈ ಹಕ್ಕಿಗೆ ಇಪ್ಪತ್ತು ವರ್ಷ ತುಂಬಬೇಕೆಂದು ಹಲವರು ಹೆದರಿಸುತ್ತಾರೆ. ಅದು ದೀರ್ಘಕಾಲ ಹಕ್ಕೆಂದೇ ಬಳಸಿದ್ದರಿಂದ ಬರುವ, 15ನೇ ಕಲಮಿನ ಬೇರೆಯೇ ಬಗೆಯ ಹಕ್ಕಿನ ಮಾತು.

ದುರಸ್ತಿಗಾಗಿ ಒಳಹೋಗುವುದೂ ಈ ಹಕ್ಕಿಗೆ ಸೇರಿದ್ದೇ. 24ನೇ ಕಲಮು ಕೊಡುವ ಉದಾಹರಣೆಯೇ ಇಂಥದ್ದು: ಪಕ್ಕದವರ ಜಮೀನಿನಲ್ಲಿ ಕೊಳವೆಯ ಹಕ್ಕುಳ್ಳವನು ಅದನ್ನು ಸರಿಪಡಿಸಲು ಒಳಹೋಗಿ ಅಗೆಯಬಹುದು, ಆದರೆ ನೆಲವನ್ನು ಮೊದಲಿದ್ದಂತೆ ಮಾಡಿಕೊಡಬೇಕು. ದುರಸ್ತಿಯ ಖರ್ಚು ಹಕ್ಕುಳ್ಳವರದು. ಕೊನೆಯ ಮನೆಯವರೂ ಅದೇ ಕೊಳವೆಯನ್ನು ಬಳಸುತ್ತಿದ್ದರೆ ಆರೂ ಮನೆಗಳು ಹಂಚಿಕೊಳ್ಳುವುದು ನ್ಯಾಯ. ನಿರ್ವಹಣೆಯ ಕೊರತೆಯಿಂದ ಅವರ ಹಿತ್ತಿಲಿಗೆ ಹಾನಿಯಾದರೆ ಪರಿಹಾರವನ್ನೂ ನೀವು ತೆರಬೇಕು.

ಅವರ ಕಡೆಯಿಂದಲೂ ನೋಡಿ. ಐದು ಮನೆಗಳ ಕೊಳಚೆ ತಮ್ಮ ಅಡುಗೆಮನೆಯ ಹಿಂದೆ ಉಕ್ಕುತ್ತದೆಂಬ ಅವರ ಸಂಕಟ ಸುಳ್ಳಲ್ಲ. ನಿಮ್ಮ ಸಾಲಿನಲ್ಲಿ ಯಾರಾದರೂ ಮೇಲಂತಸ್ತು ಎಬ್ಬಿಸಿ ಪಿ.ಜಿ. ನಡೆಸುತ್ತ ಹತ್ತು ಬಚ್ಚಲುಗಳನ್ನು ಅದೇ ಕೊಳವೆಗೆ ಸೇರಿಸಿದ್ದರೆ ಅದಕ್ಕೆ ಕಾನೂನಿನ ಬೆಂಬಲವಿಲ್ಲ. ಮನೆ ಬೆಳೆಸಿದ ಮಾತ್ರಕ್ಕೆ ಹಕ್ಕನ್ನು ಗಣನೀಯವಾಗಿ ಹಿಗ್ಗಿಸುವಂತಿಲ್ಲ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ: ದಯವಿಟ್ಟು ನೀವೇ ಹೋಗಿ ಟೈಲ್ಸ್ ಒಡೆಯಬೇಡಿ. ಅಡ್ಡಿಯನ್ನು ಸ್ವತಃ ತೆಗೆದುಹಾಕುವುದನ್ನು 36ನೇ ಕಲಮು ಸ್ಪಷ್ಟವಾಗಿ ನಿಷೇಧಿಸುತ್ತದೆ. ಲಿಖಿತ ನೋಟಿಸ್ ಕೊಡಿ, ಮಣಿಯದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ಕೇಳಿ. ಅದಕ್ಕೂ ಮೊದಲು ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ್ ಅದಾಲತ್ತಿಗೆ ಹೋಗುವುದು ಒಳ್ಳೆಯದು. ಅಲ್ಲಾಗುವ ರಾಜಿಗೆ ಸಿವಿಲ್ ಡಿಕ್ರಿಯ ಬಲವಿದೆ. ರಾಜಿಯಾದರೆ ಕೊಳವೆಯ ಜಾಡು, ಚೇಂಬರಿನ ಸ್ಥಳ, ಒಳಬರುವ ಮುನ್ನ ಕೊಡಬೇಕಾದ ಸೂಚನೆ, ಖರ್ಚಿನ ಪಾಲು ಎಲ್ಲವನ್ನೂ ನಕ್ಷೆಯೊಡನೆ ಬರೆಸಿ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ. ಮುಂದೆ ಮನೆ ಕೊಳ್ಳುವವರಿಗೂ ಅದು ದಾಖಲೆಯಲ್ಲಿ ಕಾಣುತ್ತದೆ.

ಪ್ರಶ್ನೆ: ನಮ್ಮ ನೀರಿನ ಪೈಪು ಪಕ್ಕದವರ ಜಾಗದಲ್ಲಿ ಹಾದು 25 ವರ್ಷಗಳಾದವು. ಅವರ ತಂದೆ ಬಾಯಿಮಾತಿನಲ್ಲಿ ಒಪ್ಪಿದ್ದರು. ಈಗ ಅದು ನಮ್ಮ ಹಕ್ಕಲ್ಲವೇ?
– ಓದುಗರೊಬ್ಬರು, ಹಾಸನ

ಉತ್ತರ: ವರ್ಷಗಳ ಲೆಕ್ಕ ಇಲ್ಲಿ ನೆರವಿಗೆ ಬಾರದು. ಒಪ್ಪಿಗೆ ಕೇಳಿ ಪಡೆದದ್ದು ಪರವಾನಗಿ. ಹಕ್ಕೆಂದೇ ಬಳಸಿದ್ದರೆ ಮಾತ್ರ 20 ವರ್ಷದ ನಿಯಮ ಅನ್ವಯಿಸುತ್ತದೆ. ಆದರೆ ಆ ಒಪ್ಪಿಗೆಯನ್ನು ನಂಬಿ ನೀವು ಹಣ ಸುರಿದು ಕಾಯಂ ಸ್ವರೂಪದ ಕಾಮಗಾರಿ ಮಾಡಿಸಿದ್ದರೆ, 60ನೇ ಕಲಮಿನ ಪ್ರಕಾರ ಪರವಾನಗಿಯನ್ನು ಹಿಂಪಡೆಯಲಾಗದು. ನೆಲದಡಿ ಹೂತ ಪೈಪು, ಕಟ್ಟಿದ ವಾಲ್ವ್ ತೊಟ್ಟಿ, ಅಂದಿನ ರಸೀದಿಗಳು ಇದ್ದರೆ ಅವನ್ನು ವಕೀಲರಿಗೆ ತೋರಿಸಿ; ನಿಮ್ಮ ವಾದ ನಿಲ್ಲುವುದು ಅವುಗಳ ಮೇಲೆ.